ಕೆಲಸದ ಸ್ಥಳದಲ್ಲಿ ಕರ್ತನ ಸಂತೋಷ

ಓದತಕ್ಕ ಭಾಗಗಳು: ನೆಹೆಮೀಯ 3, 5 ಮತ್ತು 8ನೆಯ ಅಧ್ಯಾಯಗಳು, ಕೊಲೊಸ್ಸೆಯವರಿಗೆ 3:22ರಿಂದ 4:1.

ಆದಿತ್ಯವಾರ ದೇವಾಲಯದಲ್ಲಿ ಸಂಗೀತ ಹಾಡುವಾಗ ನಮ್ಮ ಮುಖದಲ್ಲಿ ಕಾಣುವ ಸಂತೋಷವು ಸೋಮವಾರ ಬೆಳಿಗ್ಗೆ ಎಲ್ಲಿ ಅಡಗಿಕೊಳ್ಳುತ್ತದೆ? ಬುತ್ತಿ ಕಟ್ಟಿಕೊಂಡು ಕಾರ್ಖಾನೆಯ ಬಾಗಲಿನ ಕಡೆಗೆ ಹೋಗುವವನನ್ನೂ, ನೇಜಿ ನೆಡುವದಕ್ಕೆ ಕೆಸರುಗದ್ದೆಗೆ ಇಳಿಯುವವಳನ್ನೂ, ಆಸ್ಪತ್ರೆಯಲ್ಲಿ ರಾತ್ರಿಯ ಸರದಿ ಮುಗಿಸಿ ಬರುವ ದಾದಿಯನ್ನೂ ದಾರಿಯಲ್ಲಿ ನಿಲ್ಲಿಸಿ, ನಿಮ್ಮ ಸಂತೋಷವೆಲ್ಲಿ ಎಂದು ಕೇಳಿದರೆ ಏನು ಉತ್ತರ ಬಂದೀತು? ಕೆಲಸವು ಹೊಟ್ಟೆಗಾಗಿ, ಸಂತೋಷವು ದೇವಾಲಯಕ್ಕಾಗಿ ಎಂದು ನಾವು ಬಾಯಿಂದ ಹೇಳದಿದ್ದರೂ ಮನಸ್ಸಿನಲ್ಲಿ ಹಾಗೆಯೇ ಪಾಲು ಮಾಡಿಕೊಂಡಿದ್ದೇವೆ. ವಾರದ 168 ತಾಸುಗಳಲ್ಲಿ ದೇವಾರಾಧನೆಗೆ ಎರಡು ತಾಸು ಕೊಡುವವನು, ದಿನಕ್ಕೆ ಎಂಟರಂತೆ ಆರು ದಿವಸ ದುಡಿದರೆ, ದುಡಿಮೆಗೆ 48 ತಾಸು ಕೊಡುತ್ತಾನೆ. ಆ 48 ತಾಸುಗಳಲ್ಲಿ ಕರ್ತನಿಗೆ ಭಾಗವಿಲ್ಲವೆಂದರೆ, ನಾವು ಆತನಿಗೆ ಕೊಟ್ಟದ್ದಾದರೂ ಏನು?

ಈ ವಿಷಯವನ್ನು ಕಲಿಯುವದಕ್ಕೆ ನೆಹೆಮೀಯನ ಪುಸ್ತಕಕ್ಕಿಂತ ಒಳ್ಳೇ ಶಾಲೆ ಇಲ್ಲ. ಕರ್ತನ ಸಂತೋಷವನ್ನು ಕುರಿತು ಅನೇಕರು ಬಾಯಿಪಾಠ ಮಾಡಿರುವ ವಚನವು ಅದರ 8ನೆಯ ಅಧ್ಯಾಯದಲ್ಲಿದೆ. ಅದನ್ನು ಅಂದವಾಗಿ ಬರೆಸಿ ಮನೆಯ ಗೋಡೆಗೆ ತೂಗಹಾಕಿಕೊಂಡವರೂ ಉಂಟು. ಆದರೆ ಆ ಮಾತನ್ನು ಮೊದಲು ಕೇಳಿದವರು ಯಾರು, ಅದಕ್ಕೆ ಮುಂಚೆ ಅವರು ಏನು ಮಾಡುತ್ತಿದ್ದರು ಎಂದು ವಿಚಾರಿಸುವವರು ಕಡಿಮೆ. ಅವರು ಕಲ್ಲು ಮಣ್ಣು ಹೊತ್ತ ಜನರು. ಯೆರೂಸಲೇಮಿನ ಕೆಡವಲ್ಪಟ್ಟ ಗೋಡೆಯನ್ನು 52 ದಿವಸಗಳಲ್ಲಿ ಕಟ್ಟಿ ತೀರಿಸಿದವರು. ಏಲೂಲ್ ತಿಂಗಳಿನ 25ನೆಯ ದಿವಸದಲ್ಲಿ ಆ ಕೆಲಸ ಮುಗಿಯಿತು. ಪುಸ್ತಕದ ಕ್ರಮದಂತೆ ಎಣಿಸಿದರೆ, ಒಂದು ವಾರವೂ ಕಳೆಯುವದಕ್ಕೆ ಮುಂಚೆ, ಏಳನೆಯ ತಿಂಗಳಿನ ಮೊದಲನೆಯ ದಿವಸದಲ್ಲಿ ಅವರೆಲ್ಲರೂ ನೀರುಬಾಗಲಿನ ಮುಂದಿನ ಬೈಲಿನಲ್ಲಿ ದೇವರ ವಾಕ್ಯವನ್ನು ಕೇಳುವದಕ್ಕೆ ಕೂಡಿಬಂದರು. ಅಂಗೈಯ ಬೊಬ್ಬೆಗಳು ಇನ್ನೂ ಮಾಸಿರಲಿಕ್ಕಿಲ್ಲ.

ಈ ಜನರ ಹೆಸರುಗಳು 3ನೆಯ ಅಧ್ಯಾಯದಲ್ಲಿ ಸಾಲಾಗಿ ಬರೆಯಲ್ಪಟ್ಟಿವೆ. ಕುಟುಂಬ ಪ್ರಾರ್ಥನೆಯಲ್ಲಿ ಈ ಅಧ್ಯಾಯ ಬಂದರೆ, ಬಾಯಿಗೆ ಬಾರದ ಹೆಸರುಗಳೆಂದು ನಾವು ಅದನ್ನು ಹಾರಿಸಿಬಿಡುತ್ತೇವೆ. ಹಾರಿಸಬಾರದು. ಅಕ್ಕಸಾಲಿಗರು ಅಲ್ಲಿದ್ದಾರೆ, ಸುಗಂಧದ್ರವ್ಯ ಮಾಡುವವರು ಅಲ್ಲಿದ್ದಾರೆ, ವರ್ತಕರಿದ್ದಾರೆ, ಯಾಜಕರಿದ್ದಾರೆ. ಶಲ್ಲೂಮನೆಂಬವನು ತನ್ನ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಗೋಡೆ ಕಟ್ಟಿದನು. ತೆಕೋವದ ಸಾಧಾರಣ ಜನರು ಕೆಲಸಕ್ಕೆ ಬಂದರು; ಅವರ ಶ್ರೀಮಂತರು ಮಾತ್ರ ನೊಗಕ್ಕೆ ಕುತ್ತಿಗೆ ಕೊಡಲಿಲ್ಲ; ಅದೂ ಬರೆಯಲ್ಪಟ್ಟಿದೆ. ಎಲ್ಲರಿಗಿಂತಲೂ ಹೆಚ್ಚಾಗಿ ನಮ್ಮ ಮನಸ್ಸಿಗೆ ಹತ್ತತಕ್ಕವನು ರೇಕಾಬನ ಮಗನಾದ ಮಲ್ಕೀಯನು. ಅವನು ಒಂದು ಸೀಮೆಯ ಅಧಿಕಾರಿ. ಅವನ ಪಾಲಿಗೆ ಬಂದದ್ದು ತಿಪ್ಪೆಬಾಗಲು, ಎಂದರೆ ಊರಿನ ಕಸವೆಲ್ಲಾ ಹೊರಗೆ ಹೋಗುವ ದಾರಿ. ಅವನು ಅದನ್ನು ಕಟ್ಟಿ, ಕದಗಳನ್ನು ಹಚ್ಚಿ, ಅಗುಳಿಗಳನ್ನು ಕೂಡಿಸಿದನು. ನಮ್ಮಲ್ಲಿ ಎಷ್ಟು ಮಂದಿಗೆ ಇಂಥ ಪಾಲು ಬಂದಿದೆ! ಆಸ್ಪತ್ರೆಯ ನೆಲ ಒರಸುವವಳ ಹೆಸರನ್ನು ಅಲ್ಲಿಯ ವೈದ್ಯರಲ್ಲಿ ಎಷ್ಟು ಮಂದಿ ಬಲ್ಲರು? ದೇವರ ಪುಸ್ತಕದಲ್ಲಿಯಾದರೋ, ತಿಪ್ಪೆಬಾಗಲಿನ ಕೆಲಸಗಾರನ ಹೆಸರು ತಂದೆಯ ಹೆಸರಿನೊಂದಿಗೆ ಉಳಿದಿದೆ.

ಇಂಥ ಜನರು ಆ ದಿವಸ ಧರ್ಮಶಾಸ್ತ್ರವನ್ನು ಕೇಳಿ ಅತ್ತರು. ಆಗ ಅವರಿಗೆ ಅಳಬೇಡಿರೆಂದೂ, ಉಂಡು ಕುಡಿದು, ಏನೂ ಇಲ್ಲದವರಿಗೆ ಪಾಲು ಕಳುಹಿಸಿರೆಂದೂ, ಯೆಹೋವನ ಸಂತೋಷವೇ ಅವರ ಬಲವೆಂದೂ ಹೇಳಲಾಯಿತು. ಬಲವೆಂದು ಇಲ್ಲಿ ಹೇಳಿದ ಇಬ್ರಿಯ ಮಾತಿಗೆ ಕೋಟೆ, ದುರ್ಗ, ಆಶ್ರಯಸ್ಥಾನ ಎಂಬ ಅರ್ಥವುಂಟು. ಇದನ್ನು ಯೋಚಿಸಿರಿ. 52 ದಿವಸ ಬೆವರು ಸುರಿಸಿ ಕಲ್ಲಿನ ಗೋಡೆ ಕಟ್ಟಿದವರಿಗೆ, ನಿಮ್ಮ ಕೋಟೆ ಆ ಗೋಡೆಯಲ್ಲ, ಕರ್ತನ ಸಂತೋಷವೇ ಎಂದು ಹೇಳಲ್ಪಟ್ಟಿತು. ಅವರ ಕೆಲಸ ಹೀನವೆಂದು ಹಾಗೆ ಹೇಳಿದ್ದಲ್ಲ. ಕೆಲಸವು ತಾನಾಗಿಯೇ ಮನುಷ್ಯನನ್ನು ಕಾಯಲಾರದೆಂದು ಹೇಳಿದ್ದು. ಕೂಲಿ ಹೆಚ್ಚಾದಾಗ ಹಿಗ್ಗಿ, ಕಡಿಮೆಯಾದಾಗ ಕುಗ್ಗಿ, ಯಜಮಾನನು ನಕ್ಕರೆ ನಕ್ಕು, ಗದರಿಸಿದರೆ ಎರಡು ದಿವಸ ಊಟ ಬಿಡುವವನಿಗೆ ಕೋಟೆಯೇ ಇಲ್ಲ. ಅವನು ಬೈಲಿನಲ್ಲಿ ನಿಂತವನು. ಕರ್ತನು ತನ್ನನ್ನು ಮೆಚ್ಚಿ ಮಗನನ್ನಾಗಿ ಮಾಡಿಕೊಂಡಿದ್ದಾನೆಂಬದನ್ನು ಬಲ್ಲವನಾದರೋ ಒಳಗಿನಿಂದ ಅಗುಳಿ ಹಾಕಿದ ಮನೆಯಲ್ಲಿ ಇದ್ದಾನೆ. ಹೊರಗೆ ಮಳೆ ಬಿದ್ದರೆ ಅವನಿಗೂ ಕೇಳಿಸುತ್ತದೆ. ಆದರೆ ಅದು ಅವನ ಒಲೆಯನ್ನು ನಂದಿಸುವದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ಯಾಕಂದರೆ ಕ್ರೈಸ್ತನು ಸಂತೋಷವಾಗಿ ಕೆಲಸ ಮಾಡಬೇಕೆಂಬ ಉಪದೇಶವು ಎಷ್ಟೋ ಸಾರಿ ಬಡವನ ಬಾಯಿಗೆ ತುರುಕಿದ ಬಟ್ಟೆಯಾಗಿದೆ. ಕೂಲಿ ಸಾಲದು ಎಂದರೆ, ತೃಪ್ತಿಯಿಂದಿರು ಎಂಬ ವಚನ. ಕೈ ಸುಡುತ್ತದೆ ಎಂದರೆ, ಗುಣುಗುಟ್ಟಬೇಡ ಎಂಬ ವಚನ. ನಮ್ಮ ಕರಾವಳಿಯ ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಸ್ತ್ರೀಯರ ಬೆರಳುಗಳನ್ನು ನೋಡಿದವರು ಬಲ್ಲರು: ಆ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಟ್ಟು ಕಪ್ಪಾಗಿಸುತ್ತದೆ. ಅಂಥವಳಿಗೆ ಕೈಗವಸನ್ನು ಕೊಡದೆ ಸಂತೋಷದ ಪ್ರಸಂಗವನ್ನು ಮಾತ್ರ ಕೊಡುವದು ದೇವಸೇವೆಯಲ್ಲ.

ನೆಹೆಮೀಯನ ಪುಸ್ತಕವನ್ನು ಕ್ರಮವಾಗಿ ಓದುವವನು ಈ ತಪ್ಪಿಗೆ ಬೀಳಲಾರನು. ಯಾಕಂದರೆ ಗೋಡೆ ಕಟ್ಟಿದ 3ನೆಯ ಅಧ್ಯಾಯಕ್ಕೂ ಸಂತೋಷವನ್ನು ಸಾರಿದ 8ನೆಯ ಅಧ್ಯಾಯಕ್ಕೂ ನಡುವೆ 5ನೆಯ ಅಧ್ಯಾಯವಿದೆ. ಅಲ್ಲಿ ಜನರೂ ಅವರ ಹೆಂಡತಿಯರೂ ಗಟ್ಟಿಯಾಗಿ ಮೊರೆಯಿಟ್ಟರು. ಹಗೆಗಳ ವಿಷಯವಾಗಿ ಅಲ್ಲ, ತಮ್ಮ ಸ್ವಂತ ಸಹೋದರರ ವಿಷಯವಾಗಿ. ಹೊಲಗಳನ್ನೂ ದ್ರಾಕ್ಷೇತೋಟಗಳನ್ನೂ ಮನೆಗಳನ್ನೂ ಒತ್ತೆಯಿಟ್ಟು ಧಾನ್ಯ ಕೊಂಡಿದ್ದರು. ಅರಸನ ತೆರಿಗೆಗಾಗಿ ಸಾಲ ಮಾಡಿದ್ದರು. ಮಕ್ಕಳನ್ನು ದಾಸತ್ವಕ್ಕೆ ಕೊಟ್ಟಿದ್ದರು. ನೆಹೆಮೀಯನು ಅವರಿಗೆ, ಮೊದಲು ದೇವರ ಗೋಡೆ ಮುಗಿಯಲಿ, ಸಂತೋಷದಿಂದ ದುಡಿಯಿರಿ, ನಿಮ್ಮ ದೂರನ್ನು ಆಮೇಲೆ ನೋಡೋಣ ಎಂದು ಹೇಳಿದನೋ? ಹೇಳಲಿಲ್ಲ. ಅವನು ಬಹಳ ಕೋಪಗೊಂಡನು. ತನ್ನೊಳಗೆ ಆಲೋಚಿಸಿ, ಸಭೆ ಕೂಡಿಸಿ, ಶ್ರೀಮಂತರನ್ನು ಮುಖಾಮುಖಿ ಗದರಿಸಿದನು. ಹೊಲ, ತೋಟ, ಮನೆಗಳನ್ನೂ, ಹಣ ಧಾನ್ಯಗಳ ಮೇಲೆ ತೆಗೆದುಕೊಂಡಿದ್ದ ನೂರರಲ್ಲಿ ಒಂದು ಪಾಲಿನ ಬಡ್ಡಿಯನ್ನೂ ಅದೇ ದಿವಸ ಹಿಂದಕ್ಕೆ ಕೊಡಬೇಕೆಂದನು. ಅವರು ಒಪ್ಪಿ ಪ್ರಮಾಣ ಮಾಡಿದರು. ತಾನೂ 12 ವರುಷ ದೇಶಾಧಿಪತಿಗೆ ಸಲ್ಲತಕ್ಕ ಊಟದ ಭತ್ಯವನ್ನು ತೆಗೆದುಕೊಳ್ಳಲಿಲ್ಲ. ಇಷ್ಟಾದ ಮೇಲೆಯೇ 8ನೆಯ ಅಧ್ಯಾಯ ಬರುತ್ತದೆ. ಮೊರೆಯನ್ನು ಅಡಗಿಸಿ ತಂದ ಸಂತೋಷವು ಕರ್ತನ ಸಂತೋಷವಲ್ಲ.

ಹೀಗಿರಲಾಗಿ, ನ್ಯಾಯವಾದ ಕೂಲಿಯನ್ನು ಕೇಳುವವನು ಕ್ರೈಸ್ತಸಂತೋಷವನ್ನು ಕಳಕೊಂಡವನೆಂದು ಯಾರೂ ತಿಳಿಯಬಾರದು. ಕೊಯಿಲುಗಾರರಿಗೆ ತಡೆಹಿಡಿದ ಕೂಲಿಯು ತಾನೇ ಕೂಗುತ್ತದೆಂದೂ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗಳಲ್ಲಿ ಬಿದ್ದಿದೆಯೆಂದೂ ಯಾಕೋಬನು ತನ್ನ ಪತ್ರದ 5ನೆಯ ಅಧ್ಯಾಯದಲ್ಲಿ ಬರೆಯಲಿಲ್ಲವೇ? ಅದೂ ಅಲ್ಲದೆ ನಮ್ಮ ಸಭೆಗಳಲ್ಲಿ ಕೆಲಸ ಮಾಡುವವರು ಮಾತ್ರವಲ್ಲ, ಮಾಡಿಸುವವರೂ ಇದ್ದಾರೆ. ಅಡಿಕೆ ತೋಟವುಳ್ಳವರಿದ್ದಾರೆ, ಅಂಗಡಿಯವರಿದ್ದಾರೆ, ಮನೆಗೆಲಸಕ್ಕೆ ಹುಡುಗಿಯನ್ನು ಇಟ್ಟುಕೊಂಡವರಿದ್ದಾರೆ. ದಿನಗೂಲಿಯವನ ಕೂಲಿಯನ್ನು ಸೂರ್ಯನು ಮುಳುಗುವ ಮೊದಲೇ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ಹೇಳುತ್ತದೆ. ಅವನ ಮನಸ್ಸು ಅದರ ಮೇಲೆಯೇ ಇರುತ್ತದೆಂಬ ಕಾರಣವನ್ನೂ ಕೂಡಿಸಿ ಹೇಳುತ್ತದೆ. ಚಿಲ್ಲರೆ ಇಲ್ಲ, ನಾಳೆ ಬಾ ಎಂದು ಕಳುಹಿಸಿದ ಸಂಜೆ, ಆ ಮನೆಯ ಒಲೆಯ ಮೇಲೆ ಗಂಜಿಯ ಗಡಿಗೆ ಏರಲಿಲ್ಲವಾದರೆ, ನಾವು ಒಬ್ಬನ ಸಂತೋಷವನ್ನು ಕದ್ದವರಾದೆವು.

ಈಗ ಕೊಲೊಸ್ಸೆಯವರಿಗೆ ಬರೆದ ಪತ್ರವನ್ನು ತೆರೆಯಿರಿ. ಏನು ಮಾಡಿದರೂ ಮನುಷ್ಯರಿಗೋಸ್ಕರವಲ್ಲ, ಕರ್ತನಿಗೋಸ್ಕರವೇ ಎಂದು ಮನಃಪೂರ್ವಕವಾಗಿ ಮಾಡಬೇಕೆಂಬ ಪ್ರಸಿದ್ಧವಾದ ಬುದ್ಧಿವಾದವು ಅಲ್ಲಿದೆ. ಪೌಲನು ಅದನ್ನು ಅಧಿಕಾರಿಗಳಿಗಾಗಲಿ ಸ್ವತಂತ್ರರಾದ ಕುಶಲಕರ್ಮಿಗಳಿಗಾಗಲಿ ಬರೆಯಲಿಲ್ಲ; ದಾಸರಿಗೆ ಬರೆದನು. ಅವರಿಗೆ ಕೂಲಿಯಿಲ್ಲ, ರಜವಿಲ್ಲ, ಬಿಟ್ಟುಹೋಗುವ ಹಕ್ಕಿಲ್ಲ. ದಾಸನಿಗೆ ಆ ಕಾಲದ ಕಾನೂನಿನಲ್ಲಿ ಬಾಧ್ಯತೆಯ ಆಸ್ತಿ ಎಂಬದೇ ಇರಲಿಲ್ಲ. ಅಂಥವನಿಗೆ ಅಪೊಸ್ತಲನು, ನಿನಗೆ ಕರ್ತನಿಂದ ಬಾಧ್ಯತೆ ದೊರೆಯುವದು ಎಂದು ಬರೆಯುತ್ತಾನೆ! ಮಗನಿಗೆ ಮಾತ್ರ ಸಲ್ಲತಕ್ಕ ಮಾತನ್ನು ದಾಸನಿಗೆ ಹೇಳುತ್ತಾನೆ. ಆ ಕಾಗದವನ್ನು ತೆಗೆದುಕೊಂಡು ಹೋದ ತುಖಿಕನ ಜೊತೆಯಲ್ಲಿ ಒನೇಸಿಮನೂ ಹೋದನು; ಅವನು ಫಿಲೆಮೋನನ ದಾಸನು, ಯಜಮಾನನನ್ನು ಬಿಟ್ಟು ಹೋಗಿದ್ದವನು; ಈಗ ನಂಬಿಗಸ್ತನಾದ ಪ್ರಿಯ ಸಹೋದರನೆಂದು ಕರೆಯಲ್ಪಟ್ಟವನು. ದೇವರು ದಾಸತ್ವವನ್ನು ಮೆಚ್ಚುತ್ತಾನೆಂದು ಈ ಭಾಗದಿಂದ ಎಳೆದು ತೆಗೆದವರು ಹಿಂದೆ ಇದ್ದರು; ಅವರು 4ನೆಯ ಅಧ್ಯಾಯದ ಮೊದಲನೆಯ ವಚನವನ್ನು ಓದದೆ ಪುಸ್ತಕ ಮುಚ್ಚಿದವರು. ದಣಿಗಳಿಗೂ ಪರಲೋಕದಲ್ಲಿ ಒಬ್ಬ ದಣಿ ಇದ್ದಾನೆ, ಆದದರಿಂದ ನ್ಯಾಯವಾದದ್ದನ್ನೂ ಸಮವಾದದ್ದನ್ನೂ ಕೊಡತಕ್ಕದ್ದೆಂದು ಅದು ಆಜ್ಞಾಪಿಸುತ್ತದೆ.

ಇದೇ ಭಾಗದಲ್ಲಿ ಪೌಲನು ಕಣ್ಣಿಗೆ ತೋರುವ ಸೇವೆಯನ್ನು ಬಿಟ್ಟುಬಿಡಿರೆನ್ನುತ್ತಾನೆ. ಮೇಸ್ತ್ರಿ ಬಂದಾಗ ಹಾರೆ ಎತ್ತುವದು, ಅವನು ತಿರುಗಿದಾಗ ಬೀಡಿ ಹಚ್ಚುವದು, ಇದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಇದು ಮೋಸವೆಂಬದು ಒಂದು ಮಾತು. ಆದರೆ ಅದು ಸಂತೋಷವನ್ನು ಹೇಗೆ ತಿಂದುಹಾಕುತ್ತದೆಂಬದನ್ನೂ ಗಮನಿಸಿರಿ. ಹಾಗೆ ದುಡಿಯುವವನು ದಿನವೆಲ್ಲಾ ಬಾಗಲನ್ನೇ ನೋಡುತ್ತಿರಬೇಕು. ಹೆಜ್ಜೆಯ ಸದ್ದು ಕೇಳಿದರೆ ಎದೆ ಹಾರುತ್ತದೆ. ಒಬ್ಬನೇ ಯಜಮಾನನ ಕಣ್ಣ ಮುಂದೆ ಇರುವವನಿಗೆ ಆ ಭಯವಿಲ್ಲ. ಆತನು ಬರುವವನಲ್ಲ, ಹೋಗುವವನಲ್ಲ, ಅಲ್ಲಿಯೇ ಇರುವವನು.

ಇದನ್ನು ಕೆಲಸದಲ್ಲಿ ಅಭ್ಯಾಸ ಮಾಡಿದವರಲ್ಲಿ ಫ್ರಾನ್ಸ್ ದೇಶದ ಸಹೋದರ ಲಾರೆನ್ಸನ ಹೆಸರು ಪ್ರಸಿದ್ಧವಾದದ್ದು. ಅವನ ಹುಟ್ಟುಹೆಸರು ನಿಕೊಲಾಸ್ ಹೆರ್ಮನ್. ಲೊರೇನ್ ಸೀಮೆಯ ಬಡವನು. ಸಿಪಾಯಿಯಾಗಿ ಕಾಲಿಗೆ ಪೆಟ್ಟು ತಿಂದು ಕುಂಟನಾದವನು. ದೊಡ್ಡ ಮನೆಯಲ್ಲಿ ಆಳಾಗಿದ್ದವನು. 1640ನೆಯ ಇಸವಿಯಲ್ಲಿ ಪ್ಯಾರಿಸ್ ಪಟ್ಟಣದ ಒಂದು ಮಠವನ್ನು ಸೇರಿದಾಗ ಅವನಿಗೆ ಕೊಟ್ಟದ್ದು ಅಡಿಗೆಮನೆ. ಅವನು ರೋಮಾಪುರದ ಸಭೆಯವನಾಗಿದ್ದರೂ ನಮ್ಮವರೂ ಅವನ ಮಾತುಗಳನ್ನು ಪ್ರೀತಿಯಿಂದ ಓದಿದ್ದಾರೆ. ಅವನ ವಿಷಯದಲ್ಲಿ ನನಗೆ ಬಹು ಪ್ರಿಯವಾದ ಸಂಗತಿ ಏನಂದರೆ, ಅಡಿಗೆಯ ಕೆಲಸವು ಸ್ವಭಾವದಿಂದ ಅವನಿಗೆ ಸೇರುತ್ತಿರಲಿಲ್ಲ. ಸೇರದ ಕೆಲಸವನ್ನೇ ಅವನು ಸುಮಾರು 15 ವರುಷ ಮಾಡಿದನು, ಆಮೇಲೆ ಮಠದವರ ಕೆರಗಳನ್ನು ಹೊಲಿಯುತ್ತಿದ್ದನು, 1691ರಲ್ಲಿ ತೀರಿಕೊಂಡನು. ಗಡಿಗೆಗಳ ಸದ್ದಿನ ನಡುವೆಯೂ ಪ್ರಾರ್ಥನೆಯ ವೇಳೆಯಲ್ಲಿ ಇದ್ದಂತೆಯೇ ದೇವರ ಸಂಗಡ ಇರುವದಕ್ಕೆ ಅವನು ರೂಢಿಮಾಡಿಕೊಂಡನು. ಆ ರೂಢಿ ಒಂದೇ ದಿವಸದಲ್ಲಿ ಬರಲಿಲ್ಲ. ಮೊದಮೊದಲು ಮನಸ್ಸು ಅಲೆದಾಡಿತು. ಅಲೆದಾಡಿದಾಗ ತನ್ನನ್ನು ಬೈದುಕೊಳ್ಳುತ್ತಾ ಕೂತಿರದೆ ಮತ್ತೆ ದೇವರ ಕಡೆಗೆ ತಿರುಗಿದನು. ನನಗೆ ಹಿಡಿಸಿದ ಕೆಲಸ ಸಿಕ್ಕಿದ ಮೇಲೆ ಸಂತೋಷಪಡುವೆನು ಎಂದು ಕಾಯುತ್ತಾ ತಲೆ ನರೆಯುವವರು ಇವನನ್ನು ನೆನೆಯಲಿ.

ಸಂತೋಷವನ್ನು ಕೆಲಸದಲ್ಲಿ ಬೆಳೆಯಿಸುವದು ನಮ್ಮ ನಾಡಿಗೆ ಹೊಸ ಸಂಗತಿಯಲ್ಲ. ಕಾಯಕವೆಂಬ ಮಾತಿಗೆ ಹನ್ನೆರಡನೆಯ ಶತಮಾನದ ಶರಣರು ಎಷ್ಟು ಗೌರವ ಕೊಟ್ಟರೆಂದು ಎಲ್ಲರೂ ಬಲ್ಲರು. ನಮ್ಮ ಸಭೆಗಳ ಚರಿತ್ರೆಯಲ್ಲಿಯೂ ಕೆಲಸಕ್ಕೆ ದೊಡ್ಡ ಸ್ಥಳವುಂಟು. 1834ರಲ್ಲಿ ಬಾಸೆಲ್ ಮಿಷನಿನ ಮೊದಲನೆಯ ಬೋಧಕರು ಮಂಗಳೂರಿಗೆ ಬಂದ ತರುವಾಯ, ಕ್ರಿಸ್ತನನ್ನು ಒಪ್ಪಿಕೊಂಡವರಲ್ಲಿ ಅನೇಕರು ಮನೆಯನ್ನೂ ಕುಲದ ಕಸುಬನ್ನೂ ಕಳಕೊಂಡರು. ಅವರ ಜೀವನಕ್ಕಾಗಿ ನೇಯಿಗೆಯೂ ಮುದ್ರಣಾಲಯವೂ ಏರ್ಪಟ್ಟವು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆ ಕೆಲಸ ಸುಲಭವಾದದ್ದಲ್ಲ. ನದಿಯ ಬದಿಯ ಜೇಡಿಮಣ್ಣನ್ನು ಅಗೆದು ತರಬೇಕು, ಕಲ್ಲು ಕಸ ತೆಗೆದು ಹದವಾಗಿ ಮಿದಿಯಬೇಕು, ಅಚ್ಚಿನಲ್ಲಿ ಒತ್ತಿ ಅಂಚನ್ನು ಕೈಯಿಂದ ಸವರಬೇಕು, ನೆರಳಿನಲ್ಲಿ ದಿನಗಟ್ಟಲೆ ಒಣಗಿಸಬೇಕು, ಆಮೇಲೆ ಬೆಂಕಿಯ ಗೂಡು. ಅವಸರದಿಂದ ಒಣಗಿಸಿದ ಹಂಚು ಬಿರಿಯುತ್ತದೆ. ಬೆಂದ ಹಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವರು. ಗಟ್ಟಿಯಾದದ್ದು ಗಂಟೆಯಂತೆ ಕಣಕಣಿಸುವದು, ಬಿರುಕು ಬಿಟ್ಟದ್ದು ಬೊದ್ದೆನ್ನುವದು. ಪ್ರಾರ್ಥನೆಯಿಂದ ದಿನದ ಕೆಲಸ ಆರಂಭವಾಗುತ್ತಿದ್ದ ಕಾರ್ಖಾನೆಗಳು ಅವು. ಆದರೂ ಪ್ರಾರ್ಥನೆ ಮಾಡಿದ್ದರಿಂದ ಮಣ್ಣಿನ ಭಾರ ಒಂದು ತೊಲವಾದರೂ ಇಳಿಯಲಿಲ್ಲ. ಹೊತ್ತವರ ಕುತ್ತಿಗೆ ನೊಂದೇ ನೊಂದಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ಕಾರ್ಖಾನೆಗಳು ಮಿಷನಿನ ಕೈಬಿಟ್ಟವು. ಮಂಗಳೂರಿನ ಹಂಚಿನ ಗೂಡುಗಳಲ್ಲಿ ಹೆಚ್ಚಿನವು ಈಗ ಆರಿವೆ. ಆದರೆ ಆ ಕೈಗಳು ಸವರಿದ ಹಂಚುಗಳಲ್ಲಿ ಎಷ್ಟೋ ಇನ್ನೂ ಮಾಡುಗಳ ಮೇಲಿವೆ. ಹೆಸರು ಗೊತ್ತಿಲ್ಲದವರ ಕೆಲಸದ ಕೆಳಗೆ ಮಕ್ಕಳು ಮಳೆಗಾಲದಲ್ಲಿ ಒಣಗಿದ ಚಾಪೆಯ ಮೇಲೆ ಮಲಗುತ್ತಾರೆ.

ಬೆಳೆಯಿಸುವದು ಎಂದೆನಷ್ಟೆ. ಬೆಳೆ ಎಂದ ಮೇಲೆ ಕಳೆಯೂ ಉಂಟು. ಕೆಲಸದ ಸ್ಥಳದ ದೊಡ್ಡ ಕಳೆ ಹೋಲಿಕೆ. ಅವನಿಗೆಷ್ಟು, ನನಗೆಷ್ಟು? ದ್ರಾಕ್ಷೇತೋಟದ ಸಾಮ್ಯದಲ್ಲಿ ದಿನವೆಲ್ಲಾ ದುಡಿದವರು ಒಪ್ಪಿದ ಕೂಲಿಯನ್ನು ಪಡೆದೂ ಸಂತೋಷವನ್ನು ಕಳಕೊಂಡದ್ದು ಹೀಗೆಯೇ. ಅನ್ಯಾಯವನ್ನು ಕಂಡು ಮೊರೆಯಿಡುವದು ಬೇರೆ, ನೆರೆಯವನ ಒಳ್ಳೇದನ್ನು ಕಂಡು ಹೊಟ್ಟೆಕಿಚ್ಚುಪಡುವದು ಬೇರೆ. ಎರಡನ್ನೂ ಒಂದೇ ಚೀಲದಲ್ಲಿ ತುಂಬಬಾರದು. ಇನ್ನೊಂದು ಕಳೆ ಬೆನ್ನ ಹಿಂದಿನ ಮಾತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅದನ್ನೂ ಬಿಚ್ಚುವ ಅಭ್ಯಾಸ ನಮ್ಮ ಕ್ರೈಸ್ತರಲ್ಲಿಯೂ ಇದೆ. ಅನ್ನದೊಡನೆ ಉಪ್ಪಿನಕಾಯಿಯಂತೆ ರುಚಿಸುತ್ತದೆ; ಸಂಜೆಗೆ ಎದೆಯಲ್ಲಿ ಉರಿಯುತ್ತದೆ.

ಬೇತ್ಲೆಹೇಮಿನ ಬೋವಜನು ತನ್ನ ಹೊಲಕ್ಕೆ ಬಂದಾಗ ಕೊಯ್ಯುವವರನ್ನು ಕರ್ತನ ಹೆಸರಿನಿಂದ ವಂದಿಸಿದನು. ಅವರು ಅದೇ ಹೆಸರಿನಿಂದ ಅವನನ್ನು ಆಶೀರ್ವದಿಸಿದರು. ರೂತಳ ಪುಸ್ತಕದ ಈ ಚಿಕ್ಕ ಸಂಗತಿಯನ್ನು ಬಹಳ ಕಾಲದಿಂದ ಯೋಚಿಸುತ್ತಿದ್ದೇನೆ. ಅಂಥ ಹೊಲದಲ್ಲಿ ಅನ್ಯದೇಶದ ಬಡ ವಿಧವೆಯೂ ಭಯವಿಲ್ಲದೆ ಹಕ್ಕಲಾಯಲು ಸಾಧ್ಯವಾಯಿತು. ಸಂತೋಷವುಳ್ಳ ಕೆಲಸದ ಸ್ಥಳವನ್ನು ಗುರುತಿಸುವದಕ್ಕೆ ಇದೇ ಒಳ್ಳೇ ಗುರುತೆಂದು ನನಗೆ ತೋರುತ್ತದೆ: ಹೊಸದಾಗಿ ಬಂದವಳು, ಕೆಲಸ ತಿಳಿಯದವಳು, ಯಾರೂ ಇಲ್ಲದವಳು ಅಲ್ಲಿ ಹೆದರುತ್ತಾಳೋ ಇಲ್ಲವೋ? ನಿನ್ನ ಮಗ್ಗುಲಲ್ಲಿ ಅಂಥವಳು ಕೂತಿದ್ದರೆ, ನಿನ್ನ ಸಂತೋಷದ ಮೊದಲನೆಯ ಕೆಲಸ ಅವಳಿಗೆ ಕೈಚಳಕವನ್ನು ಕಲಿಸಿಕೊಡುವದೇ.

ಕಡೆಗೆ, ಸಂತೋಷಪಡಲಾರದಷ್ಟು ದಣಿದವರಿಗೆ ಒಂದು ಮಾತು. ನೆಹೆಮೀಯನ 4ನೆಯ ಅಧ್ಯಾಯದಲ್ಲಿ ಹೊರೆ ಹೊರುವವರ ಶಕ್ತಿ ಕುಂದಿತು, ಧೂಳಿನ ರಾಶಿ ಮುಗಿಯಲಿಲ್ಲ ಎಂದು ಬರೆದಿದೆ. ಅದಕ್ಕಾಗಿ ಅವರನ್ನು ಅಪನಂಬಿಗಸ್ತರೆಂದು ಯಾರೂ ಕರೆಯಲಿಲ್ಲ. ದಣಿವು ಪಾಪವಲ್ಲ. ದಣಿದವನು ನಿದ್ರೆಮಾಡಲಿ, ರೋಗವಾದರೆ ವೈದ್ಯರ ಬಳಿಗೆ ಹೋಗಲಿ, ಮನಸ್ಸಿನ ಭಾರ ಹೊರಲಾರದಷ್ಟಾದರೆ ಸಭೆಯಲ್ಲಿ ಒಬ್ಬರಿಗಾದರೂ ಹೇಳಿಕೊಳ್ಳಲಿ, ಕೇಳಿದವರು ಅದನ್ನು ಬೀದಿಗೆ ಹಾಕದಿರಲಿ. ಕೆಲಸವೇ ಇಲ್ಲದೆ ಮನೆಯಲ್ಲಿ ಕೂತ ಯೌವನಸ್ಥರನ್ನು ನಮ್ಮ ಪ್ರಾರ್ಥನೆಗಳಲ್ಲಿ ಹೆಸರು ಹೇಳಿ ನೆನೆಯೋಣ. ಬರೇ ನೆನೆಯುವದಲ್ಲ, ಎಲ್ಲಿಯಾದರೂ ಆಳು ಬೇಕೆಂದು ಕೇಳಿಬಂದರೆ ಆ ಸುದ್ದಿಯನ್ನು ಅವರ ಮನೆಗೆ ಮುಟ್ಟಿಸೋಣ.

ಮೋಶೆಯ ಪ್ರಾರ್ಥನೆಯೆಂದು ಹೆಸರುಗೊಂಡ 90ನೆಯ ಕೀರ್ತನೆಯಲ್ಲಿ ಬೆಳಗಿನಲ್ಲಿ ದೇವರ ಕೃಪೆಯಿಂದ ತೃಪ್ತಿಗೊಂಡು ದಿನಗಳಲ್ಲೆಲ್ಲಾ ಸಂತೋಷಿಸುವ ಹಾಗೆ ಮಾಡೆಂಬ ಬೇಡಿಕೆ ಉಂಟು. ಕೊನೆಯಲ್ಲಿ ನಮ್ಮ ಕೈಕೆಲಸವನ್ನು ಸ್ಥಿರಪಡಿಸೆಂಬ ಬೇಡಿಕೆ ಎರಡು ಸಾರಿ ಬರುತ್ತದೆ. ಅದರಲ್ಲಿ ಇರುವವು 17 ವಚನಗಳೇ. ಈ ತಿಂಗಳಿನ ಪ್ರತಿ ಸೋಮವಾರ ಬೆಳಿಗ್ಗೆ ಮನೆಯವರೆಲ್ಲರೂ ಹೊಸ್ತಿಲು ದಾಟುವದಕ್ಕೆ ಮುಂಚೆ ಅದನ್ನು ಕೂಡಿ ಓದಿರಿ. ಐದು ನಿಮಿಷ ಸಾಕು; ಬಸ್ಸು ತಪ್ಪುವದಿಲ್ಲ.